ಕೊಲೊನೋಸ್ಕೋಪಿಗೆ ಮನೆಯಲ್ಲೇ ತಯಾರಾಗುವುದು ಹೇಗೆ: ಎಂಡೋಸ್ಕೋಪಿ ರೂಮಿನ ಸಿಸ್ಟರ್ ಒಬ್ಬರ ಮಾತು

"ನಿನ್ನೆ ರಾತ್ರಿ ಏನು ಊಟ ಮಾಡಿದ್ರಿ ಅಜ್ಜಿ?"

"ಏನೂ ಇಲ್ಲ ಕಣವ್ವ. ಒಂದು ಸಣ್ಣ ಮುದ್ದೆ, ಸೊಪ್ಪಿನ ಸಾರು. ಅಷ್ಟೇ."

ಇಷ್ಟು ಕೇಳಿದರೆ ಸಾಕು, ಅವತ್ತು ಅವರ ಪರೀಕ್ಷೆ ಸರಿಯಾಗಿ ಆಗುವುದಿಲ್ಲ ಅಂತ ನನಗೆ ಗೊತ್ತಾಗುತ್ತದೆ. ಅಜ್ಜಿ ರಾಮನಗರದ ಕಡೆಯಿಂದ ಬೆಳಗಿನ ಜಾವದ ಬಸ್ಸು ಹಿಡಿದು ಬಂದಿರುತ್ತಾರೆ. ಜೊತೆಗೆ ಬಂದ ಮಗ ಒಂದು ದಿನದ ಕೂಲಿ ಬಿಟ್ಟಿರುತ್ತಾನೆ. ಕರುಳಿನೊಳಗೆ ಕ್ಯಾಮೆರಾ ಹೋದರೆ ಕಾಣುವುದು ರಾಗಿಯ ಕಪ್ಪು ಹೊಟ್ಟು, ಸೊಪ್ಪಿನ ನಾರು. ಮತ್ತೆ ಕರುಳು ತೊಳೆಯುವ ಪುಡಿ ಕುಡಿಯಬೇಕು, ಮತ್ತೆ ಬರಬೇಕು. ಅಜ್ಜಿಯದು ಏನೂ ತಪ್ಪಿಲ್ಲ. ನಮ್ಮ ಕಡೆ ಮುದ್ದೆ ಅಂದರೆ ಹೊಟ್ಟೆಗೆ ತಂಪು, ಹಗುರ. ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ.

ನಾನು ಬೆಂಗಳೂರಿನ ಎಂಡೋಸ್ಕೋಪಿ ರೂಮುಗಳಲ್ಲಿ, ಅಂದರೆ ಕ್ಯಾಮೆರಾ ಇರುವ ಕೊಳವೆಯಿಂದ ಹೊಟ್ಟೆ, ಕರುಳಿನ ಒಳಗೆ ನೋಡುವ ಕಡೆ, ಹನ್ನೊಂದು ವರ್ಷದಿಂದ ನರ್ಸ್ ಆಗಿದ್ದೇನೆ. ಮೊದಲು ಕೆಲಸ ಮಾಡಿದ ಕಡೆ ಸೂಚನೆಯ ಚೀಟಿ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಜೆರಾಕ್ಸ್ ಮಾಡಿ ಮಾಡಿ ಅಕ್ಷರವೂ ಮಸುಕಾಗಿತ್ತು. ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೋದವರು ಮನೆಯಲ್ಲಿ ಯಾರನ್ನು ಕೇಳಬೇಕು? ಈ ಪರೀಕ್ಷೆಯ ಅರ್ಧ ಕೆಲಸ ಆಗುವುದು ನಿಮ್ಮ ಅಡುಗೆಮನೆಯಲ್ಲಿ, ನಿಮ್ಮ ಬಚ್ಚಲಲ್ಲಿ. ಅದನ್ನು ಕನ್ನಡದಲ್ಲಿ ಒಂದು ಸಲ ಪೂರ್ತಿ ಹೇಳಿಬಿಡೋಣ ಅಂತ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಡಾಕ್ಟರು ಕೊಟ್ಟ ಸೂಚನೆ ಇದಕ್ಕಿಂತ ಬೇರೆ ಇದ್ದರೆ ಅವರ ಮಾತನ್ನೇ ಕೇಳಿ. ನಿಮ್ಮ ಮೈಯ ಸಂಗತಿ ಅವರಿಗೆ ಗೊತ್ತು.

ಈ ಪರೀಕ್ಷೆ ಯಾಕೆ?

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ಕಿರುಬೆರಳಿನಷ್ಟು ದಪ್ಪದ, ಬಳುಕುವ ಕೊಳವೆಯ ತುದಿಗೆ ಕ್ಯಾಮೆರಾ ಇಟ್ಟು ಅದರ ಒಳಗೋಡೆಯನ್ನು ನೋಡುವುದೇ ಕೊಲೊನೋಸ್ಕೋಪಿ. ಹುಣ್ಣು, ಊತ, ರಕ್ತ ಬರುವ ಜಾಗ ಕಾಣುತ್ತದೆ. ಪಾಲಿಪ್ ಅನ್ನುವ ಸಣ್ಣ ಗಂಟುಗಳೂ ಕಾಣುತ್ತವೆ. ಪಾಲಿಪ್‌ಗಳಲ್ಲಿ ಒಂದು ಜಾತಿ, ಅಡಿನೋಮಾ ಅಂತ, ವರ್ಷಗಟ್ಟಲೆ ಸುಮ್ಮನೆ ಬೆಳೆದು ಕೆಲವರಲ್ಲಿ ಕ್ಯಾನ್ಸರ್ ಆಗುತ್ತದೆ. ಅದನ್ನು ಅದೇ ಕೊಳವೆಯ ಮೂಲಕ ತಂತಿಯ ಕುಣಿಕೆ ಹಾಕಿ ತೆಗೆಯಬಹುದು. 1969ರಲ್ಲಿ ನ್ಯೂಯಾರ್ಕ್‌ನಲ್ಲಿ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವುಲ್ಫ್ ಈ ದಾರಿ ತೋರಿಸಿದರು. ಅದಕ್ಕೂ ಮೊದಲು ಇಂಥ ಗಂಟು ತೆಗೆಯಲು ಹೆಚ್ಚಾಗಿ ಹೊಟ್ಟೆ ಕೊಯ್ಯಬೇಕಿತ್ತು.

ನಮ್ಮಲ್ಲಿ ಈ ಪರೀಕ್ಷೆಗೆ ಬರುವವರು ಹೆಚ್ಚಾಗಿ ಏನೋ ತೊಂದರೆ ಶುರುವಾದ ಮೇಲೆ ಬರುತ್ತಾರೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತ ಕಡಿಮೆ ಆಗಿ ಸುಸ್ತು, ವಾರಗಟ್ಟಲೆ ಭೇದಿ, ಇದ್ದಕ್ಕಿದ್ದಂತೆ ಬದಲಾದ ಮೋಷನ್ ಅಭ್ಯಾಸ. ಇದರಲ್ಲಿ ರಕ್ತದ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆಂಗಳೂರಿನ ಎಷ್ಟೋ ಗೋಡೆ, ಕಂಬಗಳ ಮೇಲೆ ಮೂಲವ್ಯಾಧಿ ಗುಣ ಮಾಡುತ್ತೇವೆ ಅನ್ನುವ ಪೋಸ್ಟರ್ ಇರುತ್ತದೆ. ರಕ್ತ ಕಂಡ ಕೂಡಲೇ ಜನ ಅಲ್ಲಿಗೆ ಹೋಗುತ್ತಾರೆ. ಒಳಗೆ ಏನಿದೆ ಅಂತ ನೋಡದೆ ವರ್ಷ ಪೂರ್ತಿ ಲೇಹ್ಯ ತಿಂದು, ಮುಲಾಮು ಹಚ್ಚಿಕೊಂಡು ಕೊನೆಗೆ ನಮ್ಮ ಟೇಬಲ್ಲಿನ ಮೇಲೆ ಮಲಗಿದವರನ್ನು ನಾನು ನೋಡಿದ್ದೇನೆ. ಅವರಲ್ಲಿ ಕೆಲವರಿಗೆ ಇದ್ದದ್ದು ಮೂಲವ್ಯಾಧಿ ಅಲ್ಲ. ರಕ್ತ ಮೂಲವ್ಯಾಧಿಯಿಂದಲೇ ಬಂದಿರಬಹುದು, ಬಹಳ ಸಲ ಹಾಗೇ ಇರುತ್ತದೆ. ಆದರೆ ಅದನ್ನು ಹೇಳಬೇಕಾದವರು ಪರೀಕ್ಷೆ ಮಾಡಿದ ಡಾಕ್ಟರು.

ಎಂಥ ಡಾಕ್ಟರನ್ನು ನೋಡಬೇಕು? ಬೋರ್ಡಿನಲ್ಲಿ ಹೆಸರಿನ ಮುಂದೆ ಗ್ಯಾಸ್ಟ್ರೋಎಂಟರಾಲಜಿಯಲ್ಲಿ ಡಿಎಂ ಅಥವಾ ಡಿಎನ್‌ಬಿ ಅಂತ ಇದ್ದರೆ ಅವರು ಎಂಬಿಬಿಎಸ್, ಎಂಡಿ ಆದ ಮೇಲೆ ಇನ್ನೂ ಮೂರು ವರ್ಷ ಹೊಟ್ಟೆ, ಕರುಳು, ಲಿವರ್‌ಗಳನ್ನೇ ಓದಿದವರು. ಅದೇ ವಿಷಯದಲ್ಲಿ ಎಂಸಿಎಚ್ ಅಂತ ಇದ್ದರೆ ಹೊಟ್ಟೆಯ ಆಪರೇಷನ್ ಮಾಡುವವರು. ಖಾಸಗಿಯಲ್ಲಿ ಖರ್ಚು ಜಾಸ್ತಿ ಅನ್ನಿಸಿದರೆ ಕೆ.ಆರ್. ಮಾರ್ಕೆಟ್ ಹತ್ತಿರದ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ಸರ್ಕಾರದ ಗ್ಯಾಸ್ಟ್ರೋಎಂಟರಾಲಜಿ ಮತ್ತು ಅಂಗಾಂಗ ಕಸಿ ಸಂಸ್ಥೆ ಇದೆ. ಹಸಿರು ಮಾರ್ಗದ ಮೆಟ್ರೋದಲ್ಲಿ ಬಂದರೆ ಮಾರ್ಕೆಟ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. ಸರ್ಕಾರದ ಆರೋಗ್ಯ ಯೋಜನೆಯಲ್ಲಿ ನಿಮಗೆ ಏನು ಸಿಗುತ್ತದೆ ಅಂತ ಆಸ್ಪತ್ರೆಯಲ್ಲಿ ಆ ಯೋಜನೆಯ ನೆರವಿಗಿರುವ ಆರೋಗ್ಯ ಮಿತ್ರರನ್ನು ಕೇಳಿ.

ಒಂದು ವಾರ ಮೊದಲು: ಮಾತ್ರೆಗಳ ಡಬ್ಬಿ ತೆಗೆಯಿರಿ

ಪರೀಕ್ಷೆಯ ದಿನ ಗೊತ್ತಾದ ಕೂಡಲೇ ಮನೆಯಲ್ಲಿರುವ ನಿಮ್ಮ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿ ಡಾಕ್ಟರ ಹತ್ತಿರ ಒಯ್ಯಿರಿ. ಹೆಸರು ನೆನಪಿಟ್ಟುಕೊಂಡು ಹೇಳಲು ಹೋಗಬೇಡಿ, ಸ್ಟ್ರಿಪ್ ತೋರಿಸಿ. "ಬಿಳಿ ಮಾತ್ರೆ, ಬೆಳಿಗ್ಗೆ ಒಂದು" ಅಂದರೆ ನಮಗೆ ಏನೂ ಗೊತ್ತಾಗುವುದಿಲ್ಲ.

ರಕ್ತ ಹೆಚ್ಚಾಗಲಿ ಅಂತ ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಅದು ಮಲವನ್ನು ಕಪ್ಪಗೆ, ಅಂಟಂಟು ಮಾಡುತ್ತದೆ. ಎಷ್ಟು ನೀರು ಹಾಯಿಸಿದರೂ ಕರುಳಿನ ಗೋಡೆಯಿಂದ ಬಿಡುವುದಿಲ್ಲ. ಇಸಬ್‌ಗೋಲನ್ನೂ ಕೆಲವು ದಿನ ಬಿಡಬೇಕು.

ಹೃದಯಕ್ಕೆ ಸ್ಟೆಂಟ್ ಹಾಕಿದವರು, ಪಾರ್ಶ್ವವಾಯು ಆದವರು ತೆಗೆದುಕೊಳ್ಳುವ ರಕ್ತ ತೆಳುವಾಗಿಸುವ ಮಾತ್ರೆಗಳ ಬಗ್ಗೆ ತುಂಬಾ ಹುಷಾರು. ಕ್ಲೋಪಿಡೋಗ್ರೆಲ್, ವಾರ್ಫರಿನ್, ಅಪಿಕ್ಸಬಾನ್ ಇಂಥವು. ಪಕ್ಕದ ಮನೆಯವರು ಹೇಳಿದರು ಅಂತ ನೀವೇ ನಿಲ್ಲಿಸಬೇಡಿ. ನಿಲ್ಲಿಸಿದರೆ ಸ್ಟೆಂಟ್ ಕಟ್ಟಿಕೊಳ್ಳಬಹುದು. ನಿಲ್ಲಿಸದೆ ದೊಡ್ಡ ಪಾಲಿಪ್ ತೆಗೆದರೆ ರಕ್ತ ನಿಲ್ಲದೇ ಹೋಗಬಹುದು. ಹೊಟ್ಟೆಯ ಡಾಕ್ಟರು, ಹೃದಯದ ಡಾಕ್ಟರು ಇಬ್ಬರೂ ಮಾತಾಡಿಕೊಂಡು ತೀರ್ಮಾನಿಸಬೇಕಾದ ವಿಷಯ ಅದು. ಅವರು ಹೇಳಿದ್ದನ್ನು ಚೀಟಿಯಲ್ಲಿ ತಾರೀಖಿನ ಸಮೇತ ಬರೆಸಿಕೊಳ್ಳಿ.

ಶುಗರ್ ಇರುವವರಿಗೆ ಊಟ ಕಡಿಮೆಯಾದಾಗ ಮಾತ್ರೆ, ಇನ್ಸುಲಿನ್ ಲೆಕ್ಕವೂ ಬದಲಾಗಬೇಕು. ಇಲ್ಲದಿದ್ದರೆ ಶುಗರ್ ಇಳಿದು ತಲೆ ತಿರುಗುತ್ತದೆ. ಕೆಲವು ಹೊಸ ಶುಗರ್ ಮಾತ್ರೆಗಳನ್ನು ಮೂರು ನಾಲ್ಕು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ತೂಕ ಇಳಿಸಲು ವಾರಕ್ಕೊಂದು ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮುಚ್ಚಿಡಬೇಡಿ. ಅದು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ಮಂಪರಿನ ಔಷಧಿ ಕೊಡುವವರಿಗೆ ಇದು ಗೊತ್ತಿರಲೇಬೇಕು. ಕಿಡ್ನಿ ತೊಂದರೆ ಇದ್ದರೆ ಕರುಳು ತೊಳೆಯುವ ಪುಡಿಯೇ ಬೇರೆ ಬೇಕಾಗಬಹುದು.

ಊಟ: ಇಲ್ಲೇ ಜಾಸ್ತಿ ತಪ್ಪಾಗುವುದು

ಒಂದು ದಿನ ಮೊದಲಿಂದ ನಾರು, ಬೀಜ, ಸಿಪ್ಪೆ ಇಲ್ಲದ ಊಟ. ಮಲಬದ್ಧತೆ ಇದ್ದವರಿಗೆ, ಹಳೆಯ ಶುಗರ್ ಇದ್ದವರಿಗೆ, ಹಿಂದೊಮ್ಮೆ ಕರುಳು ಸರಿಯಾಗಿ ಸ್ವಚ್ಛ ಆಗದವರಿಗೆ ಎರಡು ಮೂರು ದಿನ ಹೇಳುತ್ತಾರೆ.

ಕೊಳವೆಯೊಳಗೆ ನೀರು ಹೀರುವ ಸಣ್ಣ ದಾರಿ ಇರುತ್ತದೆ. ಅದು ಎಷ್ಟು ಸಣ್ಣದು ಅಂದರೆ ನಾಲ್ಕು ಟೊಮೆಟೊ ಬೀಜ, ಒಂದು ಸೀಬೆ ಬೀಜ ಸಾಕು, ಕಟ್ಟಿಕೊಳ್ಳುತ್ತದೆ. ಹಾಗಾಗಿ ಟೊಮೆಟೊ, ಬದನೆ, ಸೌತೆ, ಸೀಬೆ, ದಾಳಿಂಬೆ, ಎಳ್ಳು ಬೇಡ. ರಾಗಿ, ಜೋಳ, ಗೋಧಿ ಹಿಟ್ಟಿನ ಚಪಾತಿ ಬೇಡ. ಸೊಪ್ಪು, ಹುರುಳಿಕಾಯಿ, ತೆಂಗಿನತುರಿ, ಕಡಲೆಬೀಜ ಬೇಡ. ಅವರೆಕಾಯಿ ಕಾಲ ಬಂತೆಂದರೆ ಬೆಂಗಳೂರಿನವರಿಗೆ ಬಾಯಿ ಕಟ್ಟುವುದು ಕಷ್ಟ, ಗೊತ್ತು. ಆದರೂ ಚಳಿಗಾಲದಲ್ಲಿ ಪರೀಕ್ಷೆ ಇದ್ದರೆ ಆ ಒಂದೆರಡು ದಿನ ಹಿತಕಬೇಳೆ ಸಾರಿನ ಕಡೆ ನೋಡಬೇಡಿ. ಎಲ್ಲರೂ ಮರೆಯುವ ಇನ್ನೊಂದು ವಸ್ತು ಒಗ್ಗರಣೆ. ಮೊಸರನ್ನ ತಿನ್ನಿ ಅಂತ ಹೇಳಿರುತ್ತೇವೆ. ಮನೆಯಲ್ಲಿ ಪ್ರೀತಿಯಿಂದ ಸಾಸಿವೆ, ಕರಿಬೇವು, ದಾಳಿಂಬೆ ಹಾಕಿ ಕೊಟ್ಟಿರುತ್ತಾರೆ. ಪರದೆಯ ಮೇಲೆ ಸಾಸಿವೆ ಕಾಳು ಸಾಲಾಗಿ ಕಾಣುತ್ತದೆ.

ಹಾಗಾದರೆ ಏನು ತಿನ್ನಬೇಕು? ಇಡ್ಲಿ, ಖಾಲಿ ದೋಸೆ, ಬಿಳಿ ಅನ್ನ, ಒಗ್ಗರಣೆ ಇಲ್ಲದ ಮೊಸರನ್ನ, ತರಕಾರಿ ಹಾಕದ ರವೆ ಗಂಜಿ, ಬಿಳಿ ಬ್ರೆಡ್, ಸೋಸಿದ ತಿಳಿ ಸಾರು. ತಿನ್ನುವವರಿಗೆ ಬೇಯಿಸಿದ ಮೊಟ್ಟೆ ಅಥವಾ ಮೀನು. ಇಡ್ಲಿಗೆ ಚಟ್ನಿ ಬದಲು ಸ್ವಲ್ಪ ತುಪ್ಪ, ಸಕ್ಕರೆ ಸಾಕು. ದರ್ಶಿನಿಯಲ್ಲಿ ತಿನ್ನುವವರು ಚಟ್ನಿ, ಸಾಂಬಾರ್ ಇಲ್ಲದೆ ಕೊಡಿ ಅಂತ ಹೇಳಿ.

ಮಧ್ಯಾಹ್ನದ ಹಗುರ ಊಟ ಆದ ಮೇಲೆ ತಿಳಿ ದ್ರವ ಮಾತ್ರ. ಲೋಟದ ಆಚೆಗಿನದ್ದು ಕಾಣುವಂತಿರಬೇಕು, ಅದೇ ಲೆಕ್ಕ. ಸೋಸಿದ ನಿಂಬೆ ಶರಬತ್ತು, ಎಳನೀರು, ಗಂಜಿಯ ತಿಳಿ, ಹಾಲಿಲ್ಲದ ಟೀ. ಕಾಫಿ ಇಲ್ಲದೆ ತಲೆನೋವು ಬರುವವರು ಡಿಕಾಕ್ಷನ್‌ಗೆ ಬಿಸಿನೀರು ಸಕ್ಕರೆ ಹಾಕಿಕೊಂಡು ಕುಡಿಯಬಹುದು, ಹಾಲು ಹಾಕಬೇಡಿ. ಕಿಡ್ನಿ ತೊಂದರೆ ಇರುವವರು ಎಳನೀರು ಕುಡಿಯುವ ಮೊದಲು ಡಾಕ್ಟರನ್ನು ಕೇಳಿ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕೆಂಪು, ನೇರಳೆ ಬಣ್ಣದ ಜ್ಯೂಸ್ ಬೇಡ. ಒಳಗೆ ಅದು ರಕ್ತದ ಹಾಗೇ ಕಾಣುತ್ತದೆ.

ಪುಡಿ ಕುಡಿಯುವ ರಾತ್ರಿ

ಹೆಚ್ಚಿನ ಕಡೆ ಕೊಡುವುದು ಪಾಲಿಇಥಿಲೀನ್ ಗ್ಲೈಕಾಲ್ ಅನ್ನುವ ಪುಡಿ. ಅದನ್ನು 2 ಲೀಟರ್ ನೀರಿಗೆ ಕಲಸಬೇಕು. ಇದು ಮೈಗೆ ಹೀರಿಕೊಳ್ಳುವುದಿಲ್ಲ. ನೀರನ್ನು ಕರುಳಿನಲ್ಲೇ ಹಿಡಿದಿಟ್ಟುಕೊಂಡು ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ರುಚಿ ಚೆನ್ನಾಗಿಲ್ಲ. ಉಪ್ಪುಪ್ಪಾಗಿ, ಜಿಡ್ಡಾಗಿ ಇರುತ್ತದೆ. ಅದಕ್ಕೆ ಒಂದಷ್ಟು ಉಪಾಯಗಳಿವೆ.

ಮಧ್ಯಾಹ್ನವೇ ಕಲಸಿ ಫ್ರಿಡ್ಜಿನಲ್ಲಿಡಿ. ತಣ್ಣಗಿದ್ದರೆ ಜಿಡ್ಡು ಅಷ್ಟು ಗೊತ್ತಾಗುವುದಿಲ್ಲ. ಸ್ಟ್ರಾ ಹಾಕಿ ನಾಲಿಗೆಯ ಹಿಂದಕ್ಕೆ ಎಳೆದುಕೊಳ್ಳಿ. ಪ್ರತಿ ಲೋಟದ ಮೇಲೆ ನಿಂಬೆ ಹೋಳು ಚೀಪಿ. ಕಾಲು ಲೀಟರ್ ಲೋಟದಲ್ಲಿ ಒಟ್ಟು ಎಂಟು ಲೋಟ ಆಗುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ಒಂದು ಲೋಟ. ಗುಟುಕು ಗುಟುಕಾಗಿ ಗಂಟೆಗಟ್ಟಲೆ ಎಳೆದರೆ ಕೆಲಸ ಮಾಡುವುದಿಲ್ಲ. ವಾಕರಿಕೆ ಬಂದರೆ ಅರ್ಧ ಗಂಟೆ ಬಿಡಿ, ಎದ್ದು ಓಡಾಡಿ, ಆಮೇಲೆ ಮುಂದುವರಿಸಿ. ವಾಂತಿ ನಿಲ್ಲದಿದ್ದರೆ, ಹೊಟ್ಟೆ ಕಲ್ಲಿನಂತೆ ಬಿಗಿದು ನೋವು ಜಾಸ್ತಿಯಾದರೆ ಕುಡಿಯುವುದನ್ನು ನಿಲ್ಲಿಸಿ ಆಸ್ಪತ್ರೆಗೆ ಫೋನ್ ಮಾಡಿ.

ಅರ್ಧ ರಾತ್ರಿ, ಅರ್ಧ ಬೆಳಿಗ್ಗೆ. ಇದು ತುಂಬಾ ಮುಖ್ಯ. ಹತ್ತು ಗಂಟೆಗೆ ಪರೀಕ್ಷೆ ಅಂದುಕೊಳ್ಳಿ. ಹಿಂದಿನ ಸಂಜೆ ಏಳಕ್ಕೆ ನಾಲ್ಕು ಲೋಟ. ಬೆಳಗಿನ ಜಾವ ಐದಕ್ಕೆ ಎದ್ದು ಉಳಿದ ನಾಲ್ಕು ಲೋಟ, ಆರಕ್ಕೆ ಮುಗಿಸಿ. ಪರೀಕ್ಷೆಗೆ ಕಡಿಮೆಯೆಂದರೆ ಎರಡು ಗಂಟೆ ಮೊದಲಿಂದ ನೀರೂ ಕುಡಿಯಬಾರದು. ಮಂಪರಿನಲ್ಲಿ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೆ ಅಪಾಯ. ನಿಮ್ಮ ಆಸ್ಪತ್ರೆ ಇನ್ನೂ ಹೆಚ್ಚು ಹೊತ್ತು ಹೇಳಿದ್ದರೆ ಅಷ್ಟು ಹೊತ್ತು ಬಿಡಿ.

ಬೆಂಗಳೂರಿನವರಿಗೆ ಅಂತಲೇ ಕೆಲವು ಮಾತು. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಯಾದರೆ ಸಂಪಿನಲ್ಲಿ, ಟ್ಯಾಂಕಿನಲ್ಲಿ ನೀರಿದೆಯಾ ಅಂತ ಮೊದಲೇ ನೋಡಿ, ಎರಡು ಬಕೆಟ್ ತುಂಬಿಸಿಡಿ. ಆ ರಾತ್ರಿ ಹತ್ತು ಹದಿನೈದು ಸಲ ಹೋಗಬೇಕಾಗುತ್ತದೆ. ಪಿಜಿಯಲ್ಲಿ ಒಂದೇ ಬಾತ್‌ರೂಮ್ ಹಂಚಿಕೊಳ್ಳುವ ಹುಡುಗ ಹುಡುಗಿಯರು ಆ ಒಂದು ರಾತ್ರಿ ನೆಂಟರ ಮನೆಯಲ್ಲಿ ಉಳಿಯುವುದು ಒಳ್ಳೆಯದು. ಟಿಶ್ಯೂ ಉಜ್ಜಬೇಡಿ, ನೀರಿನಲ್ಲಿ ತೊಳೆದು ಮೆತ್ತಗೆ ಒತ್ತಿ ಒರೆಸಿಕೊಂಡು ಕೊಬ್ಬರಿ ಎಣ್ಣೆ ಹಚ್ಚಿ, ಉರಿಯುವುದಿಲ್ಲ. ಇನ್ನು ಟ್ರಾಫಿಕ್. ವೈಟ್‌ಫೀಲ್ಡಿನಿಂದ ಊರೊಳಗೆ ಬರಲು ಎಷ್ಟು ಹೊತ್ತಾಗುತ್ತದೆ ಅಂತ ನಿಮಗೇ ಗೊತ್ತು. ಕೊನೆಯ ಲೋಟಕ್ಕೂ ಮನೆ ಬಿಡುವುದಕ್ಕೂ ನಡುವೆ ಒಂದು ಗಂಟೆಯಾದರೂ ಇರಲಿ. ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ ಇಟ್ಟುಕೊಳ್ಳಿ. ದಾರಿಯಲ್ಲಿ ಒದ್ದೆಯಾಗಿ ನಾಚಿಕೊಂಡು ಬಂದವರು ಎಷ್ಟೋ ಜನ. ನಮಗೆ ಅದು ದಿನನಿತ್ಯದ ವಿಷಯ, ಅದಕ್ಕೆಲ್ಲ ಮುಜುಗರ ಬೇಡ.

ಸರಿಯಾಗಿ ಆಯಿತಾ ಅಂತ ತಿಳಿಯುವುದು ಸುಲಭ. ಕೊನೆಗೆ ಬರುವುದು ಮೂತ್ರದ ಹಾಗೆ ತಿಳಿ ಹಳದಿ ನೀರಾಗಿರಬೇಕು. ಕಂದು ಬಣ್ಣ, ಕೆಸರಿನಂತೆ, ಚೂರು ಚೂರು ಇದ್ದರೆ ಹೊರಡುವ ಮೊದಲೇ ಫೋನ್ ಮಾಡಿ. ಬೈಯುತ್ತಾರೆ ಅಂತ ಹೆದರಿ "ಎಲ್ಲಾ ಸರಿ ಇದೆ ಸಿಸ್ಟರ್" ಅನ್ನಬೇಡಿ. ಮೊದಲೇ ಗೊತ್ತಾದರೆ ಸಮಯ ಮುಂದಕ್ಕೆ ಹಾಕಿ ಇನ್ನಷ್ಟು ಔಷಧಿ ಕೊಡಬಹುದು.

ಚೀಟಿ ಯಾಕೆ ಬದಲಾಗುತ್ತದೆ?

"ಹತ್ತು ವರ್ಷದ ಹಿಂದೆ ನಮ್ಮ ಯಜಮಾನರಿಗೆ ರಾತ್ರಿಯೇ ಪೂರ್ತಿ ಕುಡಿಸಿದ್ರು. ಈಗ ನೀವು ಬೇರೆ ಹೇಳ್ತೀರಲ್ಲ?" ಅಂತ ಒಬ್ಬರು ಅಮ್ಮ ಕೇಳಿದ್ದರು. ಒಳ್ಳೆಯ ಪ್ರಶ್ನೆ. ಹಿಂದೆ ಹಾಗೆಯೇ ಇತ್ತು. ರಾತ್ರಿಯೇ ಎಲ್ಲ ಕುಡಿದರೆ ಬೆಳಗಾಗುವಷ್ಟರಲ್ಲಿ ಸಣ್ಣ ಕರುಳಿನಿಂದ ರಸ ಇಳಿದು ದೊಡ್ಡ ಕರುಳಿನ ಬಲಭಾಗವನ್ನು ಮತ್ತೆ ಮುಚ್ಚುತ್ತದೆ. ಚಪ್ಪಟೆ ಪಾಲಿಪ್‌ಗಳು ಅಡಗಿರುವುದು ಹೆಚ್ಚಾಗಿ ಅಲ್ಲೇ. ಎರಡು ಭಾಗ ಮಾಡಿ ಕುಡಿದರೆ ಅಲ್ಲೂ ಸ್ವಚ್ಛ ಇರುತ್ತದೆ ಅಂತ ಒಂದರ ಮೇಲೊಂದು ಅಧ್ಯಯನ ತೋರಿಸಿದ ಮೇಲೆ ಚೀಟಿ ಬದಲಾಯಿತು. ಊಟದ ಪಥ್ಯವೂ ಹಾಗೇ. ಮೂರು ದಿನ ಇದ್ದದ್ದು, ತೊಂದರೆ ಇಲ್ಲದವರಿಗೆ ಒಂದು ದಿನ ಸಾಕು ಅಂತ ಅಮೆರಿಕದ ತಜ್ಞರ ಸಂಘಗಳು 2025ರಲ್ಲಿ ಹೇಳಿದವು.

ಅದಕ್ಕೇ ಡಾಕ್ಟರು ಓದುವುದನ್ನು ನಿಲ್ಲಿಸಬಾರದು. ನಮ್ಮ ದೇಶದ ವೈದ್ಯರ ನಡವಳಿಕೆಯ 2002ರ ನಿಯಮದಲ್ಲೇ ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಮುಂದುವರಿದ ವೈದ್ಯಕೀಯ ಶಿಕ್ಷಣದಲ್ಲಿ ಭಾಗವಹಿಸಬೇಕು ಅಂತ ಇದೆ. 1960ರಲ್ಲಿ ಶುರುವಾದ ಇಂಡಿಯನ್ ಸೊಸೈಟಿ ಆಫ್ ಗ್ಯಾಸ್ಟ್ರೋಎಂಟರಾಲಜಿಯಂಥ ಸಂಘಗಳು ಸಮ್ಮೇಳನ ನಡೆಸುತ್ತವೆ. ಒಬ್ಬರು ಪರೀಕ್ಷೆ ಮಾಡುವುದನ್ನು ಉಳಿದವರು ಪರದೆಯ ಮೇಲೆ ನೇರವಾಗಿ ನೋಡಿ ಕಲಿಯುವ ಕಾರ್ಯಾಗಾರಗಳೂ ಇರುತ್ತವೆ. ಭಾನುವಾರ ಡಾಕ್ಟರು ಸಿಗಲಿಲ್ಲ ಅಂತ ಬೇಸರ ಮಾಡಿಕೊಂಡವರಿಗೆ ನಾನು ಇದನ್ನೇ ಹೇಳುತ್ತೇನೆ. ಅಲ್ಲಿ ಕಲಿತದ್ದು ಸೋಮವಾರ ನಮ್ಮ ರೂಮಿಗೆ ಬರುತ್ತದೆ. ನಮಗೂ ಹೇಳಿಕೊಡುತ್ತಾರೆ, ಚೀಟಿ ತಿದ್ದಿಸುತ್ತಾರೆ.

ಈ ಕಲಿಕೆಗೆ ಅಳತೆಯೂ ಇದೆ. 2014ರಲ್ಲಿ ಅಮೆರಿಕದಲ್ಲಿ 136 ಡಾಕ್ಟರು ಮಾಡಿದ 3 ಲಕ್ಷಕ್ಕೂ ಹೆಚ್ಚು ಕೊಲೊನೋಸ್ಕೋಪಿಗಳ ಅಧ್ಯಯನ ಬಂತು. ತಾವು ನೋಡಿದ ನೂರು ಜನರಲ್ಲಿ ಎಷ್ಟು ಜನರಿಗೆ ಅಡಿನೋಮಾ ಪತ್ತೆ ಮಾಡುತ್ತಾರೆ ಅನ್ನುವ ಲೆಕ್ಕ ಡಾಕ್ಟರಿಂದ ಡಾಕ್ಟರಿಗೆ ಬೇರೆ ಬೇರೆ ಇತ್ತು. ನೂರರಲ್ಲಿ ಇನ್ನೊಬ್ಬ ರೋಗಿಗೆ ಹೆಚ್ಚಾಗಿ ಪತ್ತೆ ಮಾಡಿದರೆ, ಮುಂದೆ ಆ ಡಾಕ್ಟರ ರೋಗಿಗಳಿಗೆ ಕರುಳಿನ ಕ್ಯಾನ್ಸರ್ ಬರುವ ಅಪಾಯ ಶೇ. 3ರಷ್ಟು ಇಳಿದಿತ್ತು. ನಿಧಾನವಾಗಿ ನೋಡುವವರಿಗೆ ಹೆಚ್ಚು ಸಿಗುತ್ತದೆ. ಕೊಳವೆ ಹೊರತೆಗೆಯುತ್ತಾ ಗೋಡೆ ನೋಡಲು ಕನಿಷ್ಠ 6 ನಿಮಿಷ ಬೇಕು ಅಂತಿತ್ತು. 2024ರಲ್ಲಿ ಅಮೆರಿಕದ ಸಂಘಗಳು ಅದನ್ನು 8 ನಿಮಿಷಕ್ಕೆ ಏರಿಸಿದವು. ಆದರೆ ಎಷ್ಟೇ ಓದಿದ ಡಾಕ್ಟರಿಗೂ ರಾಗಿ ಹೊಟ್ಟಿನ ಅಡಿಯಲ್ಲಿರುವ ಪಾಲಿಪ್ ಕಾಣುವುದಿಲ್ಲ, ಅಲ್ವಾ?

ಆಸ್ಪತ್ರೆಯಲ್ಲಿ

ಜೊತೆಗೆ ಒಬ್ಬರು ದೊಡ್ಡವರು ಬರಲೇಬೇಕು. ಒಡವೆ ಮನೆಯಲ್ಲೇ ಬಿಡಿ. ಉಗುರಿನ ಬಣ್ಣ ತೆಗೆದು ಬನ್ನಿ. ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಮಾಪಕ ಉಗುರಿನ ಮೂಲಕ ಬೆಳಕು ಹಾಯಿಸಿ ನೋಡುತ್ತದೆ. ಬಿಪಿ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ಗುಟುಕು ನೀರಲ್ಲಿ ಬೆಳಿಗ್ಗೆ ಬೇಗ ತೆಗೆದುಕೊಳ್ಳಲು ಹೇಳುತ್ತಾರೆ, ಕೇಳಿಕೊಳ್ಳಿ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಕನ್ನಡದಲ್ಲಿ ವಿವರಿಸಿ ಅಂತ ಕೇಳುವುದು ನಿಮ್ಮ ಹಕ್ಕು. ಕರುಳು ತೂತಾಗುವ ಅಪಾಯ ಇದೆ, ಆದರೆ ಬರೀ ನೋಡುವ ಪರೀಕ್ಷೆಯಲ್ಲಿ ಅದು ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಪಾಲಿಪ್ ತೆಗೆದರೆ ಎರಡು ವಾರದವರೆಗೂ ರಕ್ತ ಬರುವ ಸಾಧ್ಯತೆ ಇರುತ್ತದೆ. ಊರಿಗೆ, ಮದುವೆಗೆ ದೂರ ಹೋಗುವ ಯೋಚನೆ ಇದ್ದರೆ ಅದನ್ನು ಮೊದಲೇ ಹೇಳಿ.

ಒಳಗೆ ಎಡಮಗ್ಗುಲಾಗಿ ಮಲಗಿಸುತ್ತೇವೆ, ಮೈ ಮುಚ್ಚಿರುತ್ತದೆ. ಮಂಪರಿನ ಇಂಜೆಕ್ಷನ್ ಕೊಟ್ಟ ಮೇಲೆ ಹೆಚ್ಚಿನವರಿಗೆ ಏನೂ ನೆನಪಿರುವುದಿಲ್ಲ. ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಎದ್ದ ಮೇಲೆ ಗಾಳಿಯಿಂದ ಹೊಟ್ಟೆ ಉಬ್ಬರಿಸುತ್ತದೆ. ಸುಮ್ನೆ ತಡೆದುಕೊಳ್ಳಬೇಡಿ, ಗಾಳಿ ಬಿಡಿ, ಸ್ವಲ್ಪ ನಡೆದಾಡಿ. ಮೊದಲ ಊಟ ಗಂಜಿಯೋ ಇಡ್ಲಿಯೋ ಇರಲಿ. ಎಷ್ಟೇ ಚುರುಕಾಗಿದ್ದೀನಿ ಅನ್ನಿಸಿದರೂ ಆ ದಿನ ಪೂರ್ತಿ ಸ್ಕೂಟರ್ ಮುಟ್ಟಬೇಡಿ, ಯಾವ ಪತ್ರಕ್ಕೂ ಸಹಿ ಹಾಕಬೇಡಿ.

ಮನೆಗೆ ಹೋದ ಮೇಲೆ ಹೊಟ್ಟೆ ಗಟ್ಟಿಯಾಗಿ ನೋವು ಏರುತ್ತಿದ್ದರೆ, ಜ್ವರ ಬಂದರೆ, ಗಡ್ಡೆ ಗಡ್ಡೆ ರಕ್ತ ಹೋದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ತುರ್ತು ಚಿಕಿತ್ಸೆಗೆ ಬನ್ನಿ.

ರಿಪೋರ್ಟ್ ಕೈಗೆ ಬಂದಾಗ

ಮೂರು ವಿಷಯ ನೋಡಿ. ದೊಡ್ಡ ಕರುಳಿನ ಶುರುವಿನ ಭಾಗವಾದ ಸೀಕಮ್ ತನಕ ಕೊಳವೆ ಹೋಯಿತಾ? ಕರುಳು ಎಷ್ಟು ಸ್ವಚ್ಛ ಇತ್ತು? ಇದಕ್ಕೆ ಬಾಸ್ಟನ್ ಅಂಕ ಅಂತ ಇದೆ, ಮೂರು ಭಾಗಕ್ಕೆ ತಲಾ 3ರಂತೆ ಒಟ್ಟು 9. ಪ್ರತಿ ಭಾಗಕ್ಕೂ 2 ಅಥವಾ ಹೆಚ್ಚು ಬಂದಿದ್ದರೆ ಚೆನ್ನಾಗಿ ನೋಡಲು ಆಗಿದೆ ಅಂತ ಅರ್ಥ. ಮೂರನೆಯದು, ಮುಂದಿನ ಪರೀಕ್ಷೆ ಯಾವಾಗ? ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಬಯಾಪ್ಸಿ ತೆಗೆದಿದ್ದೇವೆ ಅಂದ ಕೂಡಲೇ ಮನೆಯವರ ಮುಖ ಬಾಡುತ್ತದೆ. ಬಯಾಪ್ಸಿ ಅಂದರೆ ಪರೀಕ್ಷೆಗೆ ಒಳಗೋಡೆಯ ಒಂದು ಸಣ್ಣ ಚೂರು ತೆಗೆಯುವುದು, ಕ್ಯಾನ್ಸರ್ ಅಂತ ಅರ್ಥ ಅಲ್ಲ. ಊತ, ಸೋಂಕು, ಕರುಳಿನ ಟಿಬಿ, ಎಲ್ಲ ತಿಳಿಯುವುದೂ ಅದರಿಂದಲೇ. ಆದರೆ ಆ ರಿಪೋರ್ಟ್ ಬೇರೆಯಾಗಿ ಬರುತ್ತದೆ, ಕೆಲವು ದಿನ ತಡವಾಗಿ. ನೋವು ಕಡಿಮೆಯಾಯಿತು ಅಂತ ಅದನ್ನು ತೆಗೆದುಕೊಳ್ಳಲು ಬಾರದೇ ಇರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊಬೈಲಿನಲ್ಲಿ ಫೋಟೋ ತೆಗೆದು ಮಗನಿಗೋ ಮಗಳಿಗೋ ಕಳಿಸಿ, ಕಾಗದ ಕಳೆದರೂ ಅದು ಉಳಿಯುತ್ತದೆ.

ಅದರಲ್ಲಿ ಕರುಳಿನ ಕ್ಯಾನ್ಸರ್ ಅಂತ ಬಂದಿದ್ದರೆ ಒಡಹುಟ್ಟಿದವರಿಗೆ, ಮಕ್ಕಳಿಗೆ ಹೇಳಿ. ಜನ ಇದನ್ನು ಮುಚ್ಚಿಡುತ್ತಾರೆ. ಮದುವೆ ಸಂಬಂಧ ತಪ್ಪುತ್ತದೆ, ಊರವರು ಏನಂತಾರೆ ಅಂತ. ಆದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಪರೀಕ್ಷೆ ಬೇಕಾಗುತ್ತದೆ. 40ನೇ ವಯಸ್ಸಿಗೆ, ಇಲ್ಲವೇ ಮನೆಯಲ್ಲಿ ಕಾಯಿಲೆ ಬಂದವರಿಗೆ ಯಾವ ವಯಸ್ಸಿಗೆ ಬಂತೋ ಅದಕ್ಕಿಂತ ಹತ್ತು ವರ್ಷ ಮೊದಲು, ಎರಡರಲ್ಲಿ ಯಾವುದು ಬೇಗವೋ ಆಗ. ಅಪ್ಪನಿಗೆ 48ಕ್ಕೆ ಬಂದಿದ್ದರೆ ಮಕ್ಕಳು 38ಕ್ಕೆ. ದೊಡ್ಡ ಅಡಿನೋಮಾ ಸಿಕ್ಕಿದ್ದರೂ ಮನೆಯವರಿಗೆ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ, ಆ ಸಂಜೆಯೇ ಫೋನ್ ಮಾಡಿ ಅಣ್ಣ ತಮ್ಮಂದಿರಿಗೆ, ಅಕ್ಕ ತಂಗಿಯರಿಗೆ ತಿಳಿಸಿ.